ಗೋಂದಕ್ಕನ ಮಣಿ ಕಾರ್ಡಿಗನ್

ಇಷ್ಟಕ್ಕೆಲ್ಲ ಕಾರಣ ಒಂದು ಪೊಟ್ಟಣ. ಅದನ್ನು ಕಳಿಸಿದವಳು ಗೋಂದಕ್ಕನ ಒಡಹುಟ್ಟಿದ ಅಕ್ಕ. ಹಾಗಾಗಿ ಬಾಯಿಬಿಟ್ಟು ಬೈಯುವ ಹಾಗೂ ಇರಲಿಲ್ಲ.

ಗೋಂದಕ್ಕ ಎಂದರೆ ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ಒತ್ತಿಟ್ಟು ಮತ್ತೆ ಓದುವ ಹಾಗೆ ಮಾಡುವಾಕೆ. ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದು ಇತ್ತು. ಹನ್ನೊಂದು ವರ್ಷದಿಂದ ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಬಾಳುತ್ತಿತ್ತು. ಆ ದುರಸ್ತಿ ಕೋಣೆಗೆ ಕಿಟಕಿಯಿಲ್ಲ. ಹೊರಗೆ ಮಳೆಯೋ ಬಿಸಿಲೋ ತಿಳಿಯಬೇಕಾದರೆ ಮೆಟ್ಟಿಲಿಳಿದು ಬಂದವರ ಚಪ್ಪಲಿ ನೋಡಬೇಕು. ಅವಳು ಎಷ್ಟು ಸದ್ದಿಲ್ಲದವಳೆಂದರೆ, ಬಾಗಿಲಲ್ಲಿ ಇಣುಕಿದವರು "ಯಾರೂ ಇಲ್ಲ" ಎಂದುಕೊಂಡು ದೀಪ ಆರಿಸಿ ಹೋಗಿಬಿಡುತ್ತಿದ್ದರು. "ಇದೀನಿ ಕಣ್ರೀ" ಅನ್ನಲು ಅವಳಿಗೆ ಸಂಕೋಚ. ಎದ್ದು ಹೋಗಿ ತಾನೇ ದೀಪ ಹಾಕಿಕೊಂಡು ಮತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಈಗ ಮೇಲಿನ ವಾಚನಾಲಯದಲ್ಲಿ ಪುಸ್ತಕ ಕೊಡುವ ಕೌಂಟರಿನ ಕುರ್ಚಿ ಖಾಲಿಯಾಗಿತ್ತು. ಅದರ ಪಕ್ಕದಲ್ಲೇ ಎರಡಾಳೆತ್ತರದ ಕಿಟಕಿ. ಕಿಟಕಿಯಾಚೆ ಒಂದು ಮರ, ಮರದಾಚೆ ರಸ್ತೆ, ರಸ್ತೆಯಲ್ಲಿ ಹೋಗಿ ಬರುವ ಜನ. ಹನ್ನೊಂದು ವರ್ಷ ಗೋಡೆ ನೋಡಿದವಳಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಹೊಸದಾಗಿ ಬಂದಿದ್ದ ಮುಖ್ಯ ಗ್ರಂಥಪಾಲಕಿ ಬುಧವಾರ ಹನ್ನೊಂದು ಗಂಟೆಗೆ ಆ ಜಾಗಕ್ಕೆ ಒಬ್ಬರನ್ನು ಆರಿಸುತ್ತಾರೆ ಎಂದು ಸುತ್ತೋಲೆ ಬಂತು. ಕೈಯೆತ್ತಿದವರು ಇಬ್ಬರು. ಒಬ್ಬಳು ಗೋಂದಕ್ಕ, ಇನ್ನೊಬ್ಬ ಪತ್ರಿಕೆಗಳ ವಿಭಾಗದ ಪೇಪರಣ್ಣ.

"ನಾನು ಅವರ ಕಣ್ಣಿಗೇ ಬೀಳಲ್ಲ ಕಣೇ ಅಕ್ಕಾ," ಎಂದು ಗೋಂದಕ್ಕ ಫೋನಿನಲ್ಲಿ ಗೋಳಾಡಿದಳು.

"ಬೀಳ್ತೀಯ. ಅದು ನನ್ನ ಜವಾಬ್ದಾರಿ," ಎಂದಳು ಅಕ್ಕ.

ಬುಧವಾರ ಬೆಳ್ಳಂಬೆಳಗ್ಗೆ ಪೊಟ್ಟಣ ಬಂತು. ಬಿಚ್ಚಿದರೆ ಒಳಗೆ ಕಾರ್ಡಿಗನ್. ಮುಂದೆ ಗುಂಡಿಯಿರುವ ಉಣ್ಣೆ ಸ್ವೆಟರ್ ಎಂದು ಹೇಳಿ ಮುಗಿಸಿದರೆ ಪಾಪ ಸುತ್ತಿಕೊಳ್ಳುತ್ತದೆ. ಕಪ್ಪು ಉಣ್ಣೆ ಇದ್ದದ್ದು ನೆಪಕ್ಕೆ. ಎದೆಯ ಎರಡೂ ಬದಿಗೆ ಎರಡು ಕೊಕ್ಕರೆಗಳು ಮುಖಾಮುಖಿ ನಿಂತಿದ್ದವು. ಅವುಗಳ ಒಂದೊಂದು ಗರಿಯೂ ಮುತ್ತು, ಕೊಕ್ಕು ಹವಳದ ಬಣ್ಣದ ಗಾಜು. ಕಾಲ ಕೆಳಗೆ ನೀಲಿ ಮಣಿಯ ನೀರು, ಕೆಳ ಅಂಚಿಗೆ ಮುತ್ತಿನ ಸಾಲು. ತೋಳಿನುದ್ದಕ್ಕೂ ಬೆಳ್ಳಿ ಬಿಲ್ಲೆಗಳ ಬಳ್ಳಿ ಹಬ್ಬಿ, ಮುಂಗೈ ಹತ್ತಿರ ಬಂದು ಎಲೆ ಬಿಟ್ಟಿತ್ತು. ಗುಂಡಿಗಳಂತೂ ಒಂದೊಂದೂ ಒಂದೊಂದು ಬಣ್ಣದ ಕಲ್ಲು. ಕೈಗೆತ್ತಿಕೊಂಡರೆ ಮಲಗಿದ ಮಗುವಿನಷ್ಟು ಭಾರ. ಗೋಂದಕ್ಕ ಸೂಜಿ ಹಿಡಿದು ಬದುಕಿದವಳು. ಇದನ್ನು ಹೊಲಿದ ಕೈ ಯಾವುದೋ, ಎಷ್ಟು ದಿನ ಕೂತಿತ್ತೋ, ಎಂದು ನೆನೆದು ಅವಳಿಗೆ ಮೈ ಜುಮ್ಮೆಂದಿತು. ತುಸು ಹೊತ್ತು ಮುಟ್ಟುವುದಕ್ಕೂ ಧೈರ್ಯ ಬರಲಿಲ್ಲ.

ಅವಳ ಗಂಡ ಬಸ್ ಕಂಡಕ್ಟರು. ದಿನಕ್ಕೆ ಸಾವಿರ ಜನರನ್ನು ನೋಡಿ ಯಾರನ್ನು ಕಂಡರೂ ಬೆರಗಾಗದ ಮನುಷ್ಯ. ಚಹಾದ ಲೋಟ ಹಿಡಿದು ಬಂದವನು ಹಾಗೇ ನಿಂತ.

"ಇದನ್ನ ಹಾಕ್ಕೊಂಡು ನನ್ನ ಬಸ್ಸು ಹತ್ತಿದ್ರೆ ಟಿಕೆಟ್ ಕೇಳೋಕೂ ಹೆದರಿಕೆ ಆಗುತ್ತೆ ಕಣೇ," ಎಂದ.

"ಚೆನ್ನಾಗಿದೆ ಅಂತಲೋ, ಬೇಡ ಅಂತಲೋ?"

"ನನಗೇನು ಗೊತ್ತು. ನನ್ನ ಲೆವೆಲ್ಲಿನ ವಸ್ತು ಅಲ್ಲ ಇದು."

ಆದರೆ ಇದನ್ನು ಹಾಕಿಕೊಳ್ಳುವುದು ಹೇಗೆ? ಎಲ್ಲ ಗುಂಡಿ ಹಾಕಿ ನೋಡಿದಳು, ಕೊಕ್ಕರೆಗಳು ಕುತ್ತಿಗೆ ಹಿಸುಕಿದ ಹಾಗಾಯಿತು. ಎಲ್ಲ ಬಿಚ್ಚಿ ನೋಡಿದಳು, ಭಾರಕ್ಕೆ ಎರಡೂ ಕಡೆ ಜಾರಿ ಕೊಕ್ಕರೆಗಳು ಕಂಕುಳಲ್ಲಿ ಅವಿತವು. ಕೆಂಪು ಅಂಗಿಯ ಮೇಲೆ ಹಾಕಿದರೆ ಕಣ್ಣು ಕುಕ್ಕಿತು. ಕಡೆಗೆ ದಿನದ ಬೂದು ಬಣ್ಣದ ಉದ್ದ ಅಂಗಿಯ ಮೇಲೇ ಏರಿಸಿ, ಅದರ ಮೇಲೆ ಮಳೆಕೋಟು ಮುಚ್ಚಿಕೊಂಡು ಹೊರಟಳು. ಅಲ್ಲಿ ಹೋಗಿ ಯಾರನ್ನಾದರೂ ಕೇಳಿದರಾಯಿತು ಎಂದುಕೊಂಡಳು. ಪುಣ್ಯಾತ್ಗಿತ್ತಿ ಮಾಡಿದ ತಪ್ಪು ಅದೇ. ಗ್ರಂಥಾಲಯದವರನ್ನು ಏನನ್ನಾದರೂ ಕೇಳಿದರೆ ಅವರು ಉತ್ತರ ಕೊಡುವುದಿಲ್ಲ, ಪುಸ್ತಕ ಕೊಡುತ್ತಾರೆ.

ಬಾಗಿಲಲ್ಲೇ ಮೊದಲ ರಂಪ. ಪುಸ್ತಕ ಕದ್ದೊಯ್ಯುವವರನ್ನು ಹಿಡಿಯಲು ಅಲ್ಲೊಂದು ಯಂತ್ರದ ಗೇಟಿತ್ತು. ಗೋಂದಕ್ಕ ಒಳಗೆ ಕಾಲಿಟ್ಟಳೋ ಇಲ್ಲವೋ, ತೋಳಿನ ಬೆಳ್ಳಿ ಬಿಲ್ಲೆಗಳಿಗೆ ಅದು ಕಟ್ಟಡ ಕಿತ್ತುಹೋಗುವ ಹಾಗೆ ಕೂಗಿಕೊಂಡಿತು. ಕಾವಲುಗಾರ ಓಡಿಬಂದ.

"ಕೋಟು ಬಿಚ್ಚಿ ಅಕ್ಕಾ. ನಿಯಮ."

ಬಿಚ್ಚಿದಳು. ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದು, ಏಕೋ ಏನೋ ಟೋಪಿ ತೆಗೆದ.

"ಆರು ವರ್ಷದಲ್ಲಿ ಈ ಗೇಟು ಒಬ್ಬ ಕಳ್ಳನಿಗೂ ಕೂಗಿಲ್ಲ ಅಕ್ಕಾ," ಎಂದ ಮೆಲ್ಲಗೆ. "ನಿಮಗೆ ಕೂಗಿತು ನೋಡಿ."

ಕೂಗಿಗೆ ನಂಬರಕ್ಕ ಓಡಿಬಂದಳು. ಬರುವ ಪ್ರತಿ ಪುಸ್ತಕಕ್ಕೂ ನಂಬರು ಹಾಕಿ ಕಪಾಟಿಗೆ ಕಳಿಸುವವಳು ಅವಳು. ಮನೆಯ ಸಾಂಬಾರ ಡಬ್ಬಿಗಳಿಗೂ ನಂಬರು ಹಾಕಿದ್ದಾಳೆ ಎಂದು ಪ್ರತೀತಿ. ಅವಳ ಹಿಂದೆಯೇ ಕೋಶಣ್ಣ ಬಂದರು. ನಿಘಂಟು, ವಿಶ್ವಕೋಶಗಳ ನಡುವೆಯೇ ತಲೆ ಹಣ್ಣಾದ ಹಿರಿಯರು. ಇಬ್ಬರೂ ಕಾರ್ಡಿಗನ್ ಕಂಡು ಬಾಯಿ ತೆರೆದು ನಿಂತರು. ಕೋಶಣ್ಣ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಇದನ್ನ ಹೇಗೆ ಹಾಕ್ಕೋಬೇಕು ಅಂತ ಗೊತ್ತಾಗ್ತಿಲ್ಲ," ಎಂದಳು ಗೋಂದಕ್ಕ ಸಣ್ಣ ದನಿಯಲ್ಲಿ. "ಹನ್ನೊಂದಕ್ಕೆ ದೊಡ್ಡ ಮೇಡಂ ನೋಡ್ತಾರೆ."

"ಎಲ್ಲ ಗುಂಡಿ ಹಾಕು, ನೀಟಾಗಿರುತ್ತೆ," ಎಂದಳು ನಂಬರಕ್ಕ.

"ಬರೀ ಹೆಗಲ ಮೇಲೆ ಹೊದ್ಕೊಳ್ಳಿ. ರಾಣಿ ಥರ ಕಾಣುತ್ತೆ," ಎಂದ ಕಾವಲುಗಾರ.

ಕೋಶಣ್ಣ ಕೈಯೆತ್ತಿದರು. "ಅವರವರ ಅಭಿಪ್ರಾಯ ಯಾಕ್ರಮ್ಮಾ? ನಾವು ಎಲ್ಲಿದೀವಿ? ಒಂದೂವರೆ ಲಕ್ಷ ಪುಸ್ತಕ ಇಟ್ಕೊಂಡು ಒಂದು ಸ್ವೆಟರ್ ಹಾಕೋಕೆ ಬರಲ್ಲ ಅಂದ್ರೆ ಮರ್ಯಾದೆ ಉಳಿಯುತ್ತಾ?"

ನಂಬರಕ್ಕ ಕಣ್ಣು ಮುಚ್ಚಿ ಒಂದು ನಂಬರು ಹೇಳಿದಳು. ಹತ್ತು ನಿಮಿಷದಲ್ಲಿ ದುರಸ್ತಿ ಕೋಣೆಯ ಮೇಜಿನ ಮೇಲೆ ಹಳೆಯದೊಂದು ದಪ್ಪ ಕೈಪಿಡಿ ಬಂದು ಕೂತಿತು. ಮನೆವಾಳ್ತೆಯ ಸಕಲ ವಿಷಯವೂ ಅದರಲ್ಲಿತ್ತು. ಗೋಂದಕ್ಕನನ್ನು ಮೇಜಿನ ಮುಂದೆ ನಿಲ್ಲಿಸಿ, ಕೋಶಣ್ಣ ಪಾಠ ಓದುವವರ ಹಾಗೆ ಗಂಟಲು ಸರಿಮಾಡಿಕೊಂಡರು.

"'ಮಣಿ, ಮುತ್ತು ಕೂಡಿಸಿದ ಕಾರ್ಡಿಗನ್ ಧರಿಸುವವರು ಮೊದಲು ತಿಳಿಯಬೇಕಾದದ್ದು, ಉಳಿದೆಲ್ಲವೂ ಸಾದಾ ಇರಬೇಕು ಎಂಬುದು. ಕಾರ್ಡಿಗನ್ ಮಾತಾಡುವಾಗ ಬೇರೆಯದು ಬಾಯಿ ಹಾಕಬಾರದು. ಒಳಗೆ ಒಂದೇ ಬಣ್ಣದ ಬಟ್ಟೆ ಸಾಕು. ದೊಡ್ಡ ಓಲೆ, ಸರ ಬೇಡ.'"

ಮೂವರೂ ಗೋಂದಕ್ಕನ ಬೂದು ಅಂಗಿ, ಬರಿಗಿವಿ, ಬೋಳು ಕುತ್ತಿಗೆ ನೋಡಿ ತಲೆದೂಗಿದರು. ಹುಟ್ಟಿದಾಗಿನಿಂದ ಅವಳು ಈ ನಿಯಮ ಪಾಲಿಸಿಕೊಂಡೇ ಬಂದಿದ್ದಳು.

"'ಮೇಲಿನ ಎರಡು ಗುಂಡಿ ಮಾತ್ರ ಹಾಕಿರಿ, ಆಗ ಚಿತ್ತಾರ ಜಾರುವುದಿಲ್ಲ. ತೋಳನ್ನು ಮೊಣಕೈವರೆಗೆ ಸರಿಸಿರಿ, ಭಾರ ಕಡಿಮೆ ಕಾಣುತ್ತದೆ. ಆಮೇಲೆ,'" ಎಂದು ಕೋಶಣ್ಣ ಎದುರಿನ ಪುಟಕ್ಕೆ ಕಣ್ಣು ಸರಿಸಿದರು, "'ನಡುವಿಗೆ ಗಟ್ಟಿ ಹಗ್ಗ ಬಿಗಿದು ಎಡಗಡೆಯ ಗೋಡೆಯ ಕೊಕ್ಕೆಗೆ ಸಿಕ್ಕಿಸಿರಿ.'"

ನಂಬರಕ್ಕ ಗೋಡೆಯತ್ತ ತಿರುಗಿ ಕೊಕ್ಕೆ ಹುಡುಕಿದಳು.

"ಗೋಡೆಗೆ ಸಿಕ್ಕಿಸಬೇಕಾ?" ಎಂದ ಕಾವಲುಗಾರ.

"ಬರೆದಿದಾರಲ್ಲಪ್ಪ. ಬರೆದೋರು ದಡ್ಡರಾ?" ಎಂದರು ಕೋಶಣ್ಣ. "'ಕೆಳ ಅಂಚಿಗೆ ಸೀಸದ ತುಂಡು ಹೊಲಿದರೆ ಗಾಳಿಗೆ ಹಾರದು. ತಿಂಗಳಿಗೊಮ್ಮೆ ಕೋಲಿನಿಂದ ಬಡಿದು ದೂಳು ತೆಗೆಯಿರಿ.'"

ಗೋಂದಕ್ಕ ಬಗ್ಗಿ ಪುಸ್ತಕ ನೋಡಿದಳು. ನೋಡಿದವಳೇ ಬೆವತುಹೋದಳು. ನಲವತ್ತೆಂಟನೆಯ ಪುಟದ ಎದುರಿಗೆ ಎಪ್ಪತ್ತಮೂರನೆಯ ಪುಟ. ಅದು ಕಿಟಕಿ ಪರದೆಗಳ ಅಧ್ಯಾಯ. ಬೆನ್ನಿನ ಹೊಲಿಗೆ ಅವಳದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಣ್ಣು ತೂಗುತ್ತ ಹೊಲಿದದ್ದು. ಹನ್ನೊಂದು ವರ್ಷದಲ್ಲಿ ಅವಳು ಪುಟ ತಪ್ಪಿಸಿದ್ದು ಒಂದೇ ಪುಸ್ತಕದಲ್ಲಿ. ಅದು ಇವತ್ತೇ, ಈ ಹೊತ್ತಿಗೇ ಕಪಾಟಿನಿಂದ ಇಳಿದು ಬರಬೇಕೆ? ಬಾಯಿಬಿಟ್ಟರೆ ಸುದ್ದಿ ಹನ್ನೊಂದರೊಳಗೆ ಮೇಲೆ ಹೋಗುತ್ತದೆ, ಕುರ್ಚಿ ಕೈತಪ್ಪುತ್ತದೆ. ಬಿಡದಿದ್ದರೆ ತಾನೇ ಪರದೆಯಾಗಬೇಕು. ಕುರ್ಚಿ, ಕಿಟಕಿ, ಮರ ಎಲ್ಲ ಕಣ್ಣ ಮುಂದೆ ಬಂದವು. ಗೋಂದಕ್ಕ ತುಟಿ ಬಿಗಿದು ಕೈ ಮೇಲೆತ್ತಿ ನಿಂತಳು.

ನಂಬರಕ್ಕ ಪುಸ್ತಕದ ಕಟ್ಟು ಬಿಗಿಯುವ ಹಗ್ಗ ತಂದು ನಡುವಿಗೆ ಬಿಗಿದಳು. ಹೊಸ ರಟ್ಟಿನ ಮೇಲೆ ಭಾರಕ್ಕಿಡುವ ಸೀಸದ ತುಂಡುಗಳನ್ನು ಅಂಚಿಗೆ ಕಟ್ಟಿದಳು. ಗೋಡೆ ಜೊತೆಗೆ ಬರುವುದಿಲ್ಲವಾದ್ದರಿಂದ ಹಗ್ಗದ ತುದಿ ಹಿಡಿದುಕೊಳ್ಳಲು ಕಾವಲುಗಾರನನ್ನು ನಿಲ್ಲಿಸಿದರು. ಕೋಶಣ್ಣ ಮರದ ಅಡಿಕೋಲು ಕೈಗೆತ್ತಿಕೊಂಡು, "ಈ ತಿಂಗಳದ್ದು ಈಗಲೇ ಮುಗಿಸಿಬಿಡೋಣವಾ?" ಎಂದರು.

"ಬೇಡ ಕೋಶಣ್ಣಾ, ಹೊಸದು. ಇನ್ನೂ ದೂಳು ಕೂತಿಲ್ಲ," ಎಂದಳು ಗೋಂದಕ್ಕ ಅಳುದನಿಯಲ್ಲಿ.

"ಅದೂ ಸರಿ," ಎಂದು ಕೋಲು ಕೆಳಗಿಟ್ಟರು. ಮೂವರೂ ದೂರ ನಿಂತು ನೋಡಿದರು. ಹಗ್ಗ, ಸೀಸ ಎಲ್ಲ ತಗುಲಿಕೊಂಡಿದ್ದರೂ ಕೊಕ್ಕರೆಗಳ ಠೀವಿ ಒಂದಿಷ್ಟೂ ಕುಗ್ಗಿರಲಿಲ್ಲ. "ಪುಸ್ತಕ ಪುಸ್ತಕವೇ," ಎಂದು ಕೋಶಣ್ಣ ಭಕ್ತಿಯಿಂದ ಕೈಪಿಡಿ ಮುಚ್ಚಿದರು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಪೇಪರಣ್ಣನ ದನಿ ಬಂತು. "ಮೇಡಂ ಹಾಲಿಗೆ ಬಂದ್ರು, ಬರಬೇಕಂತೆ." ಅವನು ಹೇಳಿ ಹೋದದ್ದು ಯಾರಿಗೂ ಕಾಣಲಿಲ್ಲ. ಪೇಪರಣ್ಣ ಯಾವತ್ತೂ ಹಾಗೇ.

ಮೇಲಕ್ಕೆ ಇಪ್ಪತ್ತೆರಡು ಮೆಟ್ಟಿಲು. ಗೋಂದಕ್ಕ ಮುಂದೆ, ಹಗ್ಗ ಹಿಡಿದ ಕಾವಲುಗಾರ ಹಿಂದೆ. ಸೀಸದ ತುಂಡುಗಳು ಮೊಣಕಾಲಿಗೆ ಬಡಿಯುತ್ತಿದ್ದವು. ಅರ್ಧ ಹತ್ತುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲ ಕಾಣಿಸಿಕೊಳ್ಳುವ ಅವಕಾಶ, ಅದೂ ಪರದೆಯ ವೇಷದಲ್ಲಿ ಆಗಬೇಕೆ? "ನೀವು ಬಾಗಿಲಿಗೆ ಹೋಗಿ ಅಣ್ಣಾ," ಎಂದು ಹಗ್ಗ ಕಿತ್ತು ಅವನ ಕೈಗೆ ತುರುಕಿದಳು. ಸೀಸ ಬಿಚ್ಚಿದಳು. ಮೇಲಿನ ಎರಡು ಗುಂಡಿ ಹಾಕಿ, ತೋಳು ಸರಿಸಿ, ಉಸಿರು ಬಿಗಿಹಿಡಿದು ಉಳಿದ ಮೆಟ್ಟಿಲು ಹತ್ತಿದಳು. ಮೆಟ್ಟಿಲ ಪಕ್ಕದ ಕಟಕಟೆಯ ಮೊಳೆಗೆ ಅಂಚಿನ ದಾರವೊಂದು ಸಿಕ್ಕಿಕೊಂಡದ್ದು ಅವಳಿಗೆ ಗೊತ್ತಾಗಲಿಲ್ಲ.

ಹನ್ನೊಂದರ ಬಿಸಿಲು ಆ ದೊಡ್ಡ ಕಿಟಕಿಯಿಂದ ನೇರವಾಗಿ ಹಾಲಿನೊಳಗೆ ಬೀಳುವ ಹೊತ್ತು. ಗೋಂದಕ್ಕ ಆ ಬಿಸಿಲಿನೊಳಕ್ಕೆ ಒಂದು ಹೆಜ್ಜೆ ಇಟ್ಟಳು.

ಆಗ ಆದದ್ದನ್ನು ಕಂಡವರು ಇಂದಿಗೂ ದನಿ ತಗ್ಗಿಸಿ ಹೇಳುತ್ತಾರೆ. ಛಾವಣಿ ತುಂಬ ಬೆಳಕಿನ ಚುಕ್ಕೆಗಳು ಎದ್ದವು. ನೂರಲ್ಲ, ಸಾವಿರ. ಗೋಡೆಯ ಮೇಲೆ, ಕಪಾಟುಗಳ ಮೇಲೆ, ಯಾರೂ ಮುಟ್ಟದ ಹಳೇ ಸಂಪುಟಗಳ ಬೆನ್ನಿನ ಮೇಲೆ ಬಣ್ಣ ಬಣ್ಣದ ಚುಕ್ಕೆಗಳು ಹರಿದಾಡಿದವು. ಅವಳು ಉಸಿರಾಡಿದರೆ ಅವೂ ಉಸಿರಾಡಿದವು. ಪರೀಕ್ಷೆಗೆ ಓದುತ್ತಿದ್ದ ಹುಡುಗಿಯರು ಪೆನ್ನು ಕೆಳಗಿಟ್ಟರು. ಪತ್ರಿಕೆ ಮುಖದ ಮೇಲೆ ಮುಚ್ಚಿಕೊಂಡು ವರ್ಷಗಟ್ಟಲೆ ನಿದ್ದೆ ಹೊಡೆದ ಮುದುಕರೊಬ್ಬರು ಎಚ್ಚರಗೊಂಡು, ಎದ್ದು ನಿಂತುಬಿಟ್ಟರು. ಅದೇ ಕ್ಷಣಕ್ಕೆ ಸಿಕ್ಕಿಕೊಂಡ ದಾರ ಹರಿದು ಅಂಚಿನ ಮುತ್ತುಗಳು ಕಳಚಿದವು. ಸೂಜಿ ಬಿದ್ದರೂ ಕೇಳುವ ಆ ಹಾಲಿನಲ್ಲಿ ಟಕ್ ಟಕ್ ಎಂದು ಒಂದೊಂದಾಗಿ ನೆಲಕ್ಕೆ ಬಿದ್ದು, ಉರುಳಿ, ಮೇಜುಗಳಡಿ ಸೇರಿಕೊಂಡವು. ಓದುಗರು ಓದು ಬಿಟ್ಟು ಮಂಡಿಯೂರಿ ಮುತ್ತು ಹೆಕ್ಕಿದರು. ಒಬ್ಬೊಬ್ಬರೇ ಬಂದು, ಏನೂ ಮಾತಾಡದೆ, ಅವಳ ಅಂಗೈಯಲ್ಲಿಟ್ಟು ಹೋದರು. ಇಡುವಾಗ ಪ್ರತಿಯೊಬ್ಬರೂ ಅವಳ ಮುಖ ನೋಡಿದರು. ಜನ ತನ್ನನ್ನು ನೋಡುವುದು ಎಂದರೆ ಹೀಗಿರುತ್ತದೆಯೇ ಎಂದು ಅವಳಿಗೆ ಅಚ್ಚರಿಯೋ ಅಚ್ಚರಿ.

ಕೌಂಟರಿನ ಬಳಿ ಮುಖ್ಯ ಗ್ರಂಥಪಾಲಕಿ ಕಂಬದಂತೆ ನಿಂತಿದ್ದರು. ಹತ್ತಿರ ಬಂದು, "ಮುಟ್ಟಬಹುದಾ?" ಎಂದು ಕೇಳಿ, ಒಂದೇ ಬೆರಳಿನಿಂದ ಕೊಕ್ಕರೆಯ ಒಂದು ಗರಿ ಮುಟ್ಟಿದರು. ಆಮೇಲೆ ಅವಳನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು.

"ನನ್ನ ಜೀವಮಾನದಲ್ಲಿ ಇಂಥದ್ದು ನೋಡಿಲ್ಲ. ಹಾಕ್ಕೊಂಡಿರೋ ರೀತಿನೂ ಎಷ್ಟು ಸರಿಯಾಗಿದೆ. ಸಾದಾ ಬೂದು ಬಟ್ಟೆ, ಎರಡೇ ಗುಂಡಿ. ಯಾರು ಹೇಳಿಕೊಟ್ರು?"

"ಪುಸ್ತಕ ನೋಡಿ ಮೇಡಂ," ಎಂದಳು ಗೋಂದಕ್ಕ. ಅರ್ಧಕ್ಕೇ ನಿಲ್ಲಿಸಿದ್ದು ಜಾಣತನವಾಯಿತು.

"ನೀವು ಯಾವ ವಿಭಾಗ?"

"ದುರಸ್ತಿ ಕೋಣೆ."

ಮೇಡಂ ಕೈಯಲ್ಲಿದ್ದ ಕಾಗದ ಮೇಜಿನ ಮೇಲೆ ಬಿತ್ತು. "ನೀವೇನಾ ಅದು?" ಎಂದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಒಂದು ಕಡತ ಎಳೆದು ಬಿಡಿಸಿದರು. "ಹಿಂದೆ ಕೌಂಟರಿನಲ್ಲಿದ್ದವರ ಬಗ್ಗೆ ಓದುಗರು ಕೊಟ್ಟ ದೂರು ಇವು. ಮಾತು ಜಾಸ್ತಿ ಅಂತ ಹದಿನೇಳು. ಸೆಂಟು ಜಾಸ್ತಿ ಅಂತ ಒಂಬತ್ತು. ಅವರ ನಗುವಿಗೆ ಓದಿದ್ದೆಲ್ಲ ಮರೆತುಹೋಯ್ತು ಅಂತ ಐದು. ಅದಕ್ಕೇ ಈ ಸಲ ನನಗೆ ಬೇಕಾಗಿದ್ದು ಕಣ್ಣಿಗೇ ಬೀಳದೋರು. ಅಲ್ಲಿ ಒಬ್ಬರು ಕೂತಿದಾರೆ ಅನ್ನೋದೇ ಗೊತ್ತಾಗಬಾರದು. ಎಲ್ಲರನ್ನೂ ವಿಚಾರಿಸಿದೆ. ಎಲ್ಲರೂ ಒಂದೇ ಮಾತು ಹೇಳಿದ್ರು, ಕೆಳಗೊಬ್ಬರಿದಾರೆ, ಇದ್ದೂ ಇಲ್ಲದ ಹಾಗೆ ಇರ್ತಾರೆ, ದೀಪ ಆರಿಸಿದ್ರೂ ಮಾತಾಡಲ್ಲ ಅಂತ. ನಿನ್ನೆ ಸಂಜೇನೇ ನಿಮ್ಮ ಹೆಸರಿಗೆ ಆದೇಶ ಟೈಪ್ ಮಾಡಿಸಿಟ್ಟಿದ್ದೆ."

ಗೋಂದಕ್ಕ ಮೇಜಿನ ಮೇಲೆ ಬಿದ್ದಿದ್ದ ಕಾಗದ ನೋಡಿದಳು. ಹಾಜರಿ ಪುಸ್ತಕದಾಚೆಗೆ ಎಂದೂ ಬಾರದ ಅವಳ ಹೆಸರು ಅಚ್ಚುಕಟ್ಟಾಗಿ ಅದರಲ್ಲಿ ಕೂತಿತ್ತು.

"ಮೇಡಂ, ನಾನು ದಿನಾ ಹೀಗಿರಲ್ಲ. ಇವತ್ತೊಂದಿನ ಮಾತ್ರ."

"ಹೇಗಮ್ಮಾ ನಂಬೋದು? ಅರವತ್ತು ಜನ ಓದು ಬಿಟ್ಟು ನೆಲದ ಮೇಲೆ ಹರಿದಾಡಿದ್ದು ನಾನೇ ನೋಡಿದೆ. ಇನ್ನು ನೀವು ಗೋಣಿಚೀಲ ಹಾಕ್ಕೊಂಡು ಬಂದ್ರೂ ಅವರು ನಿಮ್ಮನ್ನೇ ನೋಡ್ತಾರೆ." ಮೇಡಂ ಪೆನ್ನು ತೆಗೆದು ಹೆಸರಿನ ಮೇಲೆ ಗೆರೆ ಎಳೆದರು. "ಪತ್ರಿಕೆ ವಿಭಾಗದವರಿಗೆ ಕೊಡ್ತೀನಿ. ಅವರು ಬೆಳಗ್ಗೆಯಿಂದ ನನಗೆ ಎರಡು ಸಲ ಚಹಾ ತಂದುಕೊಟ್ಟಿದಾರಂತೆ. ಲೋಟ ಇಲ್ಲಿದೆ, ಕುಡಿದಿರೋಳೂ ನಾನೇ, ಮುಖ ಮಾತ್ರ ನೆನಪಿಲ್ಲ. ಎಂಥ ಮನುಷ್ಯ ಅಂತೀರಿ. ಎಲ್ಲಿದಾರೋ, ಸ್ವಲ್ಪ ಕರೀರಿ."

"ಇಲ್ಲೇ ಇದೀನಿ ಮೇಡಂ," ಎಂದ ಪೇಪರಣ್ಣ, ಬೀರುವಿನ ಪಕ್ಕದಿಂದ.

ಇಬ್ಬರೂ ಬೆಚ್ಚಿಬಿದ್ದರು. ಅವನು ಯಾವಾಗ ಬಂದನೋ, ಮೊದಲಿಂದಲೂ ಅಲ್ಲೇ ಇದ್ದನೋ. ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡು ಅವನನ್ನು ನೋಡಿದ ನೋಟದಲ್ಲಿ, ಕೊಕ್ಕರೆಗಳನ್ನು ನೋಡಿದಾಗ ಇದ್ದದ್ದಕ್ಕಿಂತಲೂ ದೊಡ್ಡ ಬೆರಗಿತ್ತು.

ಗೋಂದಕ್ಕ ನೆಲಮಾಳಿಗೆಗೆ ಇಳಿದು ಕಾರ್ಡಿಗನ್ ಬಿಚ್ಚಿ, ಮಡಚಿ, ಪೊಟ್ಟಣದ ಕಾಗದದಲ್ಲೇ ಸುತ್ತಿಟ್ಟಳು. ಆಮೇಲೆ ಅವಳಿಗೆ ಎಲ್ಲಿಲ್ಲದ ಹುರುಪು ಬಂತು. ಆದೇಶಕ್ಕೆ ಇನ್ನೂ ಸಹಿ ಬಿದ್ದಿರಲಿಕ್ಕಿಲ್ಲ. ಈಗ ತಾನು ಮೊದಲಿನ ಬೂದು ಅಂಗಿಯ ಗೋಂದಕ್ಕನೇ ಅಲ್ಲವೇ? ಮೇಡಂ ಎದುರು ಹೋಗಿ ನಿಂತರಾಯಿತು. ಕಣ್ಣಾರೆ ನೋಡಿದರೆ ಅವರಿಗೇ ಗೊತ್ತಾಗುತ್ತದೆ. ಒಂದೇ ಉಸಿರಿಗೆ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಹಾಲು ದಾಟಿದಳು. ಮುತ್ತು ಹೆಕ್ಕಿಕೊಟ್ಟ ಅದೇ ಅರವತ್ತು ಜನರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಅವಳಿಗೆ ಸಂತೋಷದಿಂದ ಕುಣಿಯುವಂತಾಯಿತು.

ಮೇಡಂ ಆದೇಶದ ಕಾಗದ ಹಿಡಿದು ಕೋಣೆಯಿಂದ ಹೊರಬರುತ್ತಿದ್ದರು. ಗೋಂದಕ್ಕ ಅವರ ದಾರಿಗೆ ಅಡ್ಡವಾಗಿ, ನೆಟ್ಟಗೆ, ಬೆಳಕಿಗೆ ಮುಖ ಕೊಟ್ಟು ನಿಂತಳು.

"ಮೇಡಂ, ನೋಡಿ, ನಾನು..."

ಮೇಡಂ ಅವಳ ಪಕ್ಕದಿಂದ ಹಾದು ಹೋದರು. ನಾಲ್ಕು ಹೆಜ್ಜೆ ನಡೆದ ಮೇಲೆ, ಅಲ್ಲಿ ಏನೋ ಇತ್ತಲ್ಲ ಎಂಬಂತೆ ಹಿಂತಿರುಗಿದರು.

"ಯಾರಮ್ಮಾ? ಸಹಾಯಕ್ಕೆ ಬಂದಿರೋರಾ? ಒಳ್ಳೇದಾಯ್ತು. ಕೆಳಗೆ ದುರಸ್ತಿ ಕೋಣೆಯಲ್ಲಿ ಮಣಿ ಕಾರ್ಡಿಗನ್ ಹಾಕ್ಕೊಂಡಿರೋರು ಒಬ್ಬರಿದಾರೆ, ನೋಡಿದ ತಕ್ಷಣ ಗೊತ್ತಾಗುತ್ತೆ. ಪಾಪ, ಬೇಜಾರಲ್ಲಿ ಹೋದ್ರು. ನಾಳೆನೂ ಅದನ್ನೇ ಹಾಕ್ಕೊಂಡು ಬರೋಕೆ ಹೇಳಿ, ನಾನೇ ಕೆಳಗೆ ಬಂದು ಇನ್ನೊಂದು ಸಲ ಕಣ್ತುಂಬ ನೋಡ್ತೀನಿ ಅಂತ. ಹೇಳ್ತೀರಾ?"

"ಹೇಳ್ತೀನಿ ಮೇಡಂ," ಎಂದಳು ಗೋಂದಕ್ಕ.

ಅಷ್ಟು ಹೊತ್ತಿಗೆ ಮೇಡಂ ಕೌಂಟರಿನತ್ತ ಹೊರಟುಹೋಗಿದ್ದರು.